ಪ್ಲಗ್ ಗುಂಡಿಯ ಎಣ್ಣೆ, ಮುದುಕನ ರಬ್ಬರ್ ಬಳೆ

ಕಾರು ಮಿಸ್ಸಿಂಗ್ ಹೊಡೆಯಲು ಶುರುಮಾಡಿ ಮೂರು ತಿಂಗಳಾಗಿತ್ತು. ಬೆಂಗಳೂರಿನ ಒಂದು ಗ್ಯಾರೇಜಿನವರು ಪ್ಲಗ್ ಬದಲಾಯಿಸಿದರು, ಇನ್ನೊಂದರವರು ಕಾಯಿಲ್ ಬದಲಾಯಿಸಿದರು. ಇಬ್ಬರೂ ದುಡ್ಡು ಎಣಿಸಿಕೊಂಡರು. ಕಾರು ಮಾತ್ರ ಏರು ಬಂದ ಕೂಡಲೇ ಕೆಮ್ಮುವುದನ್ನು ಬಿಡಲಿಲ್ಲ. ಕೊನೆಗೆ ಅದು ಪೂರ್ತಿ ಕೈಕೊಟ್ಟದ್ದು ಮದ್ದೂರಿನ ಪಕ್ಕದ ಶಿವಪುರದಲ್ಲಿ, ಸತ್ಯಾಗ್ರಹ ಸೌಧದಿಂದ ಕೂಗಳತೆಯ ದೂರದಲ್ಲಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೈಸೂರಿಗೆ ಹೋಗುವವರಲ್ಲಿ ಹೆಚ್ಚಿನವರು ಈ ಹಳೆಯ ರಸ್ತೆಯನ್ನು ಮರೆತಿದ್ದಾರೆ. ನಾನು ವಡೆಯ ಚಪಲಕ್ಕೆ ಬಿದ್ದು ಹಳೆಯ ದಾರಿ ಹಿಡಿದಿದ್ದೆ.

ತಗಡಿನ ಶೆಡ್ಡಿನ ಮೆಕ್ಯಾನಿಕ್ ಬಾನೆಟ್ ಎತ್ತಿದ. ನಾನು ಹಿಂದಿನ ಎರಡು ರಿಪೇರಿಗಳ ಪುರಾಣ ಹೇಳಿ ಮುಗಿಸುವವರೆಗೆ ಸುಮ್ಮನಿದ್ದ. ಆಮೇಲೆ ಒಂದೇ ಮಾತು: “ಪ್ಲಗ್ ನೋಡವ್ರೆ ಸಾ, ಗುಂಡಿ ನೋಡಿಲ್ಲ.”

ಮೊದಲ ಕಾಯಿಲ್ ಎಳೆದ. ಅದರ ಉದ್ದನೆಯ ರಬ್ಬರ್ ಕೊಳವೆ ಬಾಣಲೆಯಿಂದ ತೆಗೆದ ಬೋಂಡದ ಹಾಗೆ ಎಣ್ಣೆಯಲ್ಲಿ ಮಿಂದು ಬಂತು. ಟಾರ್ಚು ಹಾಕಿ ಒಳಗೆ ನೋಡು ಅಂದ. ಗೇಣುದ್ದದ ಗುಂಡಿ, ತಳದಲ್ಲಿ ಪ್ಲಗ್, ಅದರ ಕುತ್ತಿಗೆಯವರೆಗೂ ಕಪ್ಪು ಎಂಜಿನ್ ಆಯಿಲ್. ನಾಲ್ಕು ಗುಂಡಿಗಳಲ್ಲಿ ಎರಡರ ಕತೆ ಹೀಗೇ ಇತ್ತು.

ಅಂಬಾಸಿಡರ್, ಪದ್ಮಿನಿಗಳನ್ನು ಕಂಡವರಿಗೆ ಈ ಗುಂಡಿ ಹೊಸದು. ಆ ಕಾರುಗಳಲ್ಲಿ ಪ್ಲಗ್ಗುಗಳು ಎಂಜಿನ್ನಿನ ಮಗ್ಗುಲಿಗೆ, ಗಾಳಿಬೆಳಕಿನಲ್ಲಿ ಕೂತಿರುತ್ತಿದ್ದವು. ಒಂದೊಂದು ಸಿಲಿಂಡರಿಗೆ ನಾಲ್ಕು ನಾಲ್ಕು ವಾಲ್ವ್ ಬಂದ ಮೇಲೆ ಪ್ಲಗ್ಗಿಗೆ ಉಳಿದ ಜಾಗ ನಟ್ಟನಡುವೆ. ಅಲ್ಲಿ ಎರಡೂ ಕಡೆ ಕ್ಯಾಮ್‌ಶಾಫ್ಟ್ ತಿರುಗುತ್ತವೆ, ಟ್ಯಾಪೆಟ್ ಕವರಿನ ಅಡಿಯಲ್ಲಿ ಸದಾ ಎಣ್ಣೆಯ ಮಳೆ. ಆ ಮಳೆಯ ನಡುವೆ ಒಣ ಬಾವಿ ತೋಡಿ ತಳದಲ್ಲಿ ಬೆಂಕಿಯ ಕಿಡಿ ಹಾರಿಸಬೇಕು. ಮಳೆ ಬಾವಿಗೆ ಇಳಿಯದಂತೆ ತಡೆಯುವುದು ಬಾವಿಕಟ್ಟೆಯ ಮೇಲೆ ಕೂತ ಒಂದು ರಬ್ಬರ್ ಬಳೆ. ಅಷ್ಟೇ.

ನನಗೊಂದು ಅನುಮಾನ ಬಂತು. ಎಣ್ಣೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಲ್ಲ? ಹೊಲದ ಬದುವಿನ ಟಿ.ಸಿ.ಯೊಳಗೆ, ಅಂದರೆ ಟ್ರಾನ್ಸ್‌ಫಾರ್ಮರಿನೊಳಗೆ, ತುಂಬಿರುವುದೂ ಎಣ್ಣೆಯೇ. ಹಾಗಿದ್ದ ಮೇಲೆ ಕಾರು ಯಾಕೆ ಕೆಮ್ಮಬೇಕು? ಉತ್ತರ ಕಾಯಿಲಿನ ಕೊಳವೆಯಲ್ಲಿತ್ತು. ಎಣ್ಣೆಯಲ್ಲಿ ನೆನೆದು ನೆನೆದು ಆ ರಬ್ಬರು ಉಬ್ಬಿ ಮೆತ್ತಗಾಗಿತ್ತು. ಎಂಜಿನ್ನಿನ ಎಣ್ಣೆ ಟಿ.ಸಿ.ಯ ಶುದ್ಧ ಎಣ್ಣೆಯಲ್ಲ. ಅದರಲ್ಲಿ ಮಸಿಯಿದೆ, ದೂಳಿದೆ, ಲೋಹದ ಪುಡಿಯಿದೆ. ಸಡಿಲವಾದ ಕೊಳವೆಗೂ ಪ್ಲಗ್ಗಿನ ಬಿಳಿ ಪಿಂಗಾಣಿಗೂ ನಡುವೆ ಈ ಕೊಳೆ ಗೆರೆ ಎಳೆಯುತ್ತದೆ. ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಆ ಗೆರೆ ಹಿಡಿದು ಗುಂಡಿಯ ಗೋಡೆಗೆ ಹಾರುತ್ತದೆ. ಹೊಸ ಕಾಯಿಲನ್ನೂ ಎಣ್ಣೆಯ ಗುಂಡಿಗೇ ಇಳಿಬಿಟ್ಟಿದ್ದರಿಂದ ಅದರ ಕೊಳವೆಯೂ ಹಾಳಾಗಿತ್ತು.

ಎಣ್ಣೆ ಎಲ್ಲಿಂದ ಬಂತು ಎಂದು ಪತ್ತೆ ಹಚ್ಚಿದ ರೀತಿಯನ್ನು ಹೇಳಲೇಬೇಕು. ಮೊದಲು ಸಿರಿಂಜಿಗೆ ತೆಳು ಪೈಪು ಸಿಕ್ಕಿಸಿ ಗುಂಡಿಯ ಎಣ್ಣೆ ಹೀರಿದ. ಕಡ್ಡಿಗೆ ಬಟ್ಟೆ ಸುತ್ತಿ ತಳ ಒರೆಸಿದ. ಎಣ್ಣೆ ಇದ್ದಹಾಗೇ ಪ್ಲಗ್ ಬಿಚ್ಚಿದರೆ ಅಷ್ಟೂ ಕೊಳೆ ಸಿಲಿಂಡರಿಗೆ ಇಳಿಯುತ್ತದಂತೆ. ಆಮೇಲೆ ಪ್ಲಗ್ ಬಿಚ್ಚಿ ನನ್ನ ಅಂಗೈಗೆ ಇಟ್ಟ. ಮೇಲಿನ ಭಾಗ, ಮರೆ ಎಲ್ಲ ಎಣ್ಣೆಮಯ. ಕಿಡಿ ಹಾರುವ ತುದಿ ಮಾತ್ರ ಒಣಗಿತ್ತು, ಬಿಸ್ಕತ್ತಿನ ಬಣ್ಣ. “ತುದಿ ನೆಂದಿದ್ರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗದೆ ಅಂತ. ಆಗ ಎಂಜಿನ್ ಇಳಿಸ್ಬೇಕಾಯ್ತದೆ. ಇದು ಮೇಲಿಂದ ಇಳೀತಾ ಅದೆ ಕಣ್ ಸಾ, ಬಳೆ ಸತ್ತೋಗದೆ.”

ಟ್ಯಾಪೆಟ್ ಕವರ್ ಎತ್ತಿದಾಗ ಬಳೆಯ ಹೆಣವೂ ಸಿಕ್ಕಿತು. ಉಗುರಲ್ಲಿ ಒತ್ತಿದರೆ ಗುರುತು ಮೂಡುತ್ತಿರಲಿಲ್ಲ. ಬಾಗಿಸಿದರೆ ಚಟ್ಟನೆ ಮುರಿಯಿತು. ಹೆಣಕ್ಕೆ ಸಂಸ್ಕಾರವೂ ಆಗಿತ್ತು: ಹಿಂದೆ ಯಾರೋ ಸೋರಿಕೆ ಕಂಡು ಸುತ್ತಲೂ ಸಿಲಿಕಾನ್ ಮೆತ್ತಿ, ಬೋಲ್ಟುಗಳನ್ನು ಕೈಲಾದಷ್ಟು ಬಿಗಿದಿದ್ದರು. ಎಷ್ಟು ಬಿಗಿದರೂ ನಿಲ್ಲದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ, ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದ ಒಬ್ಬ ಮುದುಕನ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ.

ನೀಲ್ಸ್ ಕ್ರಿಸ್ಟೆನ್ಸೆನ್ ಹುಟ್ಟಿದ್ದು 1865ರಲ್ಲಿ. 1891ರಲ್ಲಿ ಅಮೆರಿಕಕ್ಕೆ ವಲಸೆ ಹೋದ. ಬೀದಿಯ ಟ್ರಾಂ ಗಾಡಿಗಳಿಗೆ ಗಾಳಿಯ ಬ್ರೇಕ್ ಕಂಡುಹಿಡಿದ. ಅದರ ಹಕ್ಕು ಕಂಪನಿಯಿಂದ ಕಂಪನಿಗೆ ಕೈಬದಲಾಗುತ್ತ ಕೊನೆಗೆ ವೆಸ್ಟಿಂಗ್‌ಹೌಸ್ ಪಾಲಾಯಿತು, ಅವನು ನಡೆಸಿದ ವ್ಯಾಜ್ಯಗಳು ಅದನ್ನು ಉಳಿಸಿಕೊಡಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದರು. ಈತ ಅರವತ್ತು ದಾಟಿದ ಮೇಲೂ ಬ್ರೇಕಿನ ಗೀಳು ಬಿಡಲಿಲ್ಲ. ಈ ಬಾರಿ ಎಣ್ಣೆಯ ಒತ್ತಡದಿಂದ ಓಡಾಡುವ ಪಿಸ್ಟನ್ನಿನ ಬ್ರೇಕು.

ಅಲ್ಲಿಯ ತೊಡಕೂ ಸೋರಿಕೆಯದೇ. ಆ ಕಾಲದಲ್ಲಿ ಪಿಸ್ಟನ್ನಿಗೆ ಚರ್ಮದ ಬಟ್ಟಲು ತೊಡಿಸುತ್ತಿದ್ದರು. ನಮ್ಮ ಊರಿನ ಕೈಪಂಪಿನ ಚರ್ಮದ ವಾಷರನ್ನು ನೆನೆಸಿಕೊಳ್ಳಿ. ಕ್ರಿಸ್ಟೆನ್ಸೆನ್ ಅದರ ಬದಲು ದುಂಡನೆಯ ರಬ್ಬರ್ ಬಳೆಯನ್ನು ಪಿಸ್ಟನ್ನಿನ ಸುತ್ತ ಕೊರೆದ ಕಾಲುವೆಯಲ್ಲಿ ಕೂರಿಸಿದ. ಬಳೆ ಅವನೇ ಮೊದಲು ಕಂಡದ್ದೇನಲ್ಲ. ಸ್ವೀಡನ್ನಿನ ಲುಂಡ್‌ಬರ್ಗ್ ಎಂಬಾತನಿಗೆ 1896ರಲ್ಲೇ ಇಂಥದಕ್ಕೆ ಪೇಟೆಂಟ್ ಸಿಕ್ಕಿತ್ತು. ಮುದುಕ ಕಂಡುಕೊಂಡದ್ದು ಕಾಲುವೆಯ ಅಳತೆಯನ್ನು. ಯಾರಿಗಾದರೂ ಹೊಳೆಯುವುದು ಬಳೆಯನ್ನು ಮಿಸುಕಾಡದಂತೆ ಗಟ್ಟಿಯಾಗಿ ತುರುಕುವುದು. ಈತ ಕಾಲುವೆಯನ್ನು ಬಳೆಯ ದಪ್ಪಕ್ಕಿಂತ ಅಗಲ ಮಾಡಿದ. ಬಳೆ ತುಸು ಅಮುಕಿಸಿಕೊಂಡಿರಬೇಕು, ಆದರೆ ಹೊರಳಲು ಅದಕ್ಕೆ ಜಾಗವಿರಬೇಕು. ಆಗ ಸೋರಲು ನುಗ್ಗಿದ ಎಣ್ಣೆಯೇ ಬಳೆಯನ್ನು ಕಾಲುವೆಯ ಮೂಲೆಗೆ ದೂಡಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕಳ್ಳನ ಭಾರಕ್ಕೇ ಕದ ಹಾಕಿಕೊಂಡಂತೆ. ಪಿಸ್ಟನ್ ಹೋಗಿಬರುವಾಗಲೆಲ್ಲ ಬಳೆ ಕೊಂಚ ಹೊರಳಿ, ನಾದಿದ ಹಿಟ್ಟಿನ ಹಾಗೆ ಮೆದುವಾಗಿಯೇ ಇರುತ್ತದೆ ಎಂಬುದನ್ನೂ ಅವನು ಪೇಟೆಂಟಿನಲ್ಲಿ ವಿವರಿಸಿದ.

1933ರಲ್ಲಿ ಅವನು ಸಲ್ಲಿಸಿದ ಬ್ರೇಕಿನ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1938ರ ಏಪ್ರಿಲಿನಲ್ಲಿ. ಅದೇ ತಿಂಗಳು ಇಲ್ಲಿ ಶಿವಪುರದ ಬಯಲಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತ್ತು, ನಿಷೇಧವನ್ನು ಲೆಕ್ಕಿಸದೆ ಟಿ. ಸಿದ್ದಲಿಂಗಯ್ಯನವರು ಧ್ವಜ ಏರಿಸಿದ್ದರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ನಿಜ. ಆ ಧ್ವಜದ ನೆನಪಿಗೆ ಕಟ್ಟಿದ ಸೌಧದ ನೆರಳಿನ ಕಡೆ ಕೂತು ಬಳೆಯ ಚೂರು ಹಿಡಿದವನಿಗೆ ಈ ತಾರೀಖು ಹೊಳೆಯದೆ ಹೇಗಿದ್ದೀತು?

ಬರೀ ಬಳೆಗೆಂದೇ ಕ್ರಿಸ್ಟೆನ್ಸೆನ್ 1937ರಲ್ಲಿ, ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಇನ್ನೊಂದು ಅರ್ಜಿ ಹಾಕಿದ. 1939ರ ನವೆಂಬರಿನಲ್ಲಿ ಅದಕ್ಕೆ ಪೇಟೆಂಟ್ ಬಂತು. ಕಾಗದದಲ್ಲಿ ಅದರ ಹೆಸರು ‘ಪ್ಯಾಕಿಂಗ್’. ನಮ್ಮ ಮಂಡ್ಯದ ಶೆಡ್ಡುಗಳಲ್ಲಿ ಇವತ್ತಿಗೂ ಗ್ಯಾಸ್ಕೆಟ್ ಅನ್ನುವವರಿಗಿಂತ ಪ್ಯಾಕಿಂಗ್ ಅನ್ನುವವರೇ ಹೆಚ್ಚು. ಆಮೇಲೆ ಮಹಾಯುದ್ಧ. ವಿಮಾನಗಳ ಚಕ್ರ ಮಡಿಸುವ ಎಣ್ಣೆಯ ಯಂತ್ರಗಳಿಗೆ ಈ ಬಳೆ ಬೇಕೇ ಬೇಕಾಯಿತು. ಅಮೆರಿಕ ಸರ್ಕಾರ ಪೇಟೆಂಟನ್ನು ತನ್ನ ಕೈಗೆ ತೆಗೆದುಕೊಂಡು ಎಲ್ಲ ಕಾರ್ಖಾನೆಗಳಿಗೂ ಬಿಟ್ಟುಕೊಟ್ಟಿತು. ಮುದುಕನಿಗೆ 75,000 ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಅವನು 1952ರಲ್ಲಿ ತೀರಿಕೊಂಡ. ನ್ಯಾಯಾಲಯದ ಓಡಾಟದ ಫಲವಾಗಿ ವಾರಸುದಾರರಿಗೆ ಇನ್ನೊಂದು ಲಕ್ಷ ಡಾಲರ್ ಬಂದದ್ದು 1971ರಲ್ಲಿ. ಲೋಕದ ಎಷ್ಟು ಯಂತ್ರಗಳಲ್ಲಿ ಈ ಬಳೆ ಕೂತಿದೆಯೆಂದು ಯೋಚಿಸಿದರೆ ಅದು ಜುಜುಬಿ.

ಬಳೆಯ ಆಕಾರ ಸರಿಹೋದರೆ ಸಾಲದು, ರಬ್ಬರಿನ ಜಾತಿಯೂ ಸರಿಯಿರಬೇಕು. ಮರದ ಹಾಲಿನ ರಬ್ಬರು ಎಂಜಿನ್ ಎಣ್ಣೆಯಲ್ಲಿ ಬೂರಲು ಹತ್ತಿಯ ಹಾಗೆ ಉಬ್ಬಿಬಿಡುತ್ತದೆ. ಎಣ್ಣೆಗೆ ಜಗ್ಗದ ನೈಟ್ರೈಲ್ ರಬ್ಬರನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರು ಮಾಡಿಕೊಟ್ಟದ್ದೂ ಅದೇ 1930ರ ದಶಕದಲ್ಲಿ. ಆದರೂ ರಬ್ಬರು ರಬ್ಬರೇ. 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ಆಕಾಶದಲ್ಲಿ ಛಿದ್ರವಾದಾಗ ಕಾರಣವಾದದ್ದು ಚಳಿಗೆ ಸೆಡೆತ ಇಂಥದೇ ಬಳೆ. ಭೌತವಿಜ್ಞಾನಿ ಫೈನ್‌ಮನ್ ಅದರ ರಬ್ಬರಿನ ತುಂಡನ್ನು ಐಸ್ ನೀರಿಗೆ ಅದ್ದಿ ಎಲ್ಲರೆದುರು ತೋರಿಸಿದರು. ಕಾರಿನಲ್ಲಿ ಕೇಡು ಮಾಡುವುದು ಸೆಕೆ. ಪ್ಲಗ್ ಗುಂಡಿಯ ಬಳೆ ಪಿಸ್ಟನ್ನಿನ ಬಳೆಯಂತೆ ಹೊರಳಾಡುವುದೂ ಇಲ್ಲ. ಕೂತಲ್ಲೇ ಕೂತು ವರ್ಷಗಟ್ಟಲೆ ಬೇಯುತ್ತದೆ. ಅಡುಗೆಮನೆಯ ಹಳೆಯ ಕುಕ್ಕರ್ ಗ್ಯಾಸ್ಕೆಟ್ ಮುಟ್ಟಿದವರಿಗೆ ಆ ಗಡಸು ಗೊತ್ತು. ಒಮ್ಮೆ ಅಮುಕಿದ ಆಕಾರದಲ್ಲೇ ಹೆಪ್ಪುಗಟ್ಟಿದ ಮೇಲೆ ಮತ್ತೆ ಹಿಗ್ಗಿ ಸಂದು ತುಂಬುವ ಶಕ್ತಿ ಅದಕ್ಕಿಲ್ಲ. ಬೋಲ್ಟು ಬಿಗಿದರೆ ಕವರ್ ಸೊಟ್ಟಗಾಗುತ್ತದೆಯೇ ಹೊರತು ಸತ್ತ ರಬ್ಬರಿಗೆ ಜೀವ ಬರುವುದಿಲ್ಲ.

ಮದ್ದೂರಿನಿಂದ ಹೊಸ ಪ್ಯಾಕಿಂಗೂ ನಾಲ್ಕು ಬಳೆಗಳೂ ಬರುವಷ್ಟರಲ್ಲಿ ಆತ ಹಳೆಯ ಸಿಲಿಕಾನನ್ನೆಲ್ಲ ಕೆರೆದು ತೆಗೆದಿದ್ದ. ಪಿಸಿವಿ ವಾಲ್ವನ್ನು ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಿದ. ಕಟಕಟ ಅನ್ನಬೇಕಿತ್ತು, ಉಸಿರೇ ಇಲ್ಲ. ಎಂಜಿನ್ನಿನ ಹೊಟ್ಟೆಯ ಗಾಳಿ ಹೊರಹೋಗುವ ದಾರಿ ಅದು. ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಸೋತ ಬಳೆಯ ಸಂದಿನಲ್ಲೇ ಎಣ್ಣೆಯನ್ನು ತಳ್ಳುತ್ತದೆ. ಅದನ್ನೂ ಬದಲಾಯಿಸಿದ. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಮೂರು ಸುತ್ತಿನಲ್ಲಿ, ಪುಟ್ಟ ಪಾನಾ ಹಿಡಿದು ಬರೀ ಮಣಿಕಟ್ಟಿನ ಬಲದಿಂದ ಬಿಗಿದ. ಇನ್ನೊಂಚೂರು ಬಿಗಿ ಮಾಡಪ್ಪ ಅಂದೆ. “ಬ್ಯಾಡಿ ಸಾ. ಬಳೆಗೂ ಒಸಿ ಜಾಗ ಬೇಕು” ಅಂದ.

ಕ್ರಿಸ್ಟೆನ್ಸೆನ್ ಹೆಸರನ್ನು ಆತ ಕೇಳಿರಲಿಲ್ಲ. ಅದಾಗಿ ಒಂದೂವರೆ ವರ್ಷವಾಯಿತು. ಹೋದ ವಾರ ಕಾಯಿಲ್ ಎತ್ತಿ ಟಾರ್ಚು ಹಾಕಿ ನೋಡಿದೆ, ನಾಲ್ಕೂ ಗುಂಡಿಗಳು ಒಣಗಿಯೇ ಇವೆ.