ಕೊಳಚೆ ನೀರಿಗೂ ಹೆಪ್ಪು ಬೇಕು



ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುತ್ತೀರಿ. ಬೆಳಗ್ಗೆ ಆದ ಮೊಸರಿನಲ್ಲಿ ಒಂದು ಚಮಚ ನಾಳೆಗೆಂದು ಎತ್ತಿಡುತ್ತೀರಿ. ಪಟ್ಟಣದ ಕೊಳಚೆ ನೀರನ್ನು ಶುದ್ಧ ಮಾಡುವ ಕಡೆಯೂ ಹೆಚ್ಚುಕಡಿಮೆ ಇದೇ ಕೆಲಸ ನಡೆಯುತ್ತದೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್, ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ ನೋಡಿದರು. ಮೊದಲ ಸಲ ನೀರು ಶುದ್ಧವಾಗಲು ಸುಮಾರು 5 ವಾರ ಹಿಡಿಯಿತು. ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆ ಸುರಿಯುತ್ತ ಹೋದಾಗ ಅದೇ ಕೆಲಸ ಒಂದು ದಿನದೊಳಗೆ ಮುಗಿಯಿತು. ಆ ಕೆಸರೇ ಹೆಪ್ಪು. ಕೊಳೆಯನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಅದರ ತುಂಬ ಇರುತ್ತವೆ. ಬೆಂಗಳೂರಿನ ಹಲವು ಘಟಕಗಳು ಇಂದಿಗೂ ನಡೆಯುವುದು ಹೀಗೆಯೇ.

ಗಾಳಿ ಊದುವುದೇಕೆ? ಹಾಲಿನ ಲೆಕ್ಕವನ್ನೇ ಹಿಡಿಯಿರಿ. ಒಂದು ಲೀಟರ್ ಹಾಲನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಸುಮಾರು 100 ಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ತಿಳಿನೀರಿನಲ್ಲಿ ಕರಗಿರುವುದು 8 ಮಿಲಿಗ್ರಾಂನಷ್ಟು ಮಾತ್ರ. ಅಂದರೆ ಚರಂಡಿಗೆ ಚೆಲ್ಲಿದ ಒಂದು ಲೀಟರ್ ಹಾಲು 12,000 ಲೀಟರ್ ನೀರಿನ ಉಸಿರನ್ನೇ ಹೀರಬಲ್ಲದು! ಹಾಲೇನೂ ವಿಷವಲ್ಲ, ಆದರೂ ಕುಂಟೆಯ ಮೀನಿಗೆ ಉಸಿರು ಕಟ್ಟುತ್ತದೆ. ಕ್ಯಾನಿಗೆ ಸೋಪು ಹಾಕುವ ಮೊದಲು ಗಲಬರಿಸಿದ ನೀರನ್ನು ಚರಂಡಿಗೆ ಬಿಡದೆ ತಿಪ್ಪೆಗೋ ತೆಂಗಿನ ಬುಡಕ್ಕೋ ಹಾಕಿ.

ಗೋಬರ್ ಗ್ಯಾಸ್ ಗುಂಡಿಯಲ್ಲಿರುವವು ಬೇರೆ ಜಾತಿಯವು. ಅವಕ್ಕೆ ಗಾಳಿಯೇ ಆಗದು. ಫಿನಾಯಿಲ್ ನೀರೂ ಆಗದು. ಕೆಚ್ಚಲು ಬಾವಿಗೆ ಔಷಧ ಹಾಕಿಸಿದ ಹಸುವಿನ ಹಾಲು ಸರಿಯಾಗಿ ಹೆಪ್ಪುಗಟ್ಟದಿರುವುದನ್ನು ನೀವು ಕಂಡಿರಬಹುದು. ಹೆಪ್ಪನ್ನು ಕೆಡಿಸುವ ಔಷಧ ಗುಂಡಿಯ ಸೂಕ್ಷ್ಮಜೀವಿಗಳನ್ನೂ ಬಿಡುವುದಿಲ್ಲ. ಆ ಹಾಲನ್ನು ಡೇರಿಗಂತೂ ಹಾಕಬಾರದು, ಗ್ಯಾಸ್ ಗುಂಡಿಗೂ ಸುರಿಯಬೇಡಿ.

ಔಷಧವಾದರೂ ಕಾಲ ಕಳೆದಂತೆ ಕರಗೀತು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಇಲ್ಲವಾಗಿಸಲಾರದು. ಹೆಚ್ಚೆಂದರೆ ಮೈಗಂಟಿಸಿಕೊಂಡು ಕೆಸರಿಗೆ ಇಳಿಸುತ್ತದೆ, ಅಷ್ಟೇ. ನಮಗೆ ಇದು ದೂರದ ಮಾತಲ್ಲ. ಬಸವನಗುಡಿ ಕಡೆ ಹುಟ್ಟುವ ವೃಷಭಾವತಿ, ಬೆಂಗಳೂರಿನ ಬಚ್ಚಲು ನೀರನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬರುತ್ತಾಳೆ. ಮುಂದೆ ಅರ್ಕಾವತಿ ಸೇರುತ್ತಾಳೆ. ಆ ನೀರಿನಲ್ಲಿ ಹುಲ್ಲು ಬೆಳೆಯುವುದುಂಟು. ಬೇರೆ ನೀರಿಲ್ಲದ ರೈತರನ್ನು ದೂರಿ ಫಲವಿಲ್ಲ; ಕಾರ್ಖಾನೆಯ ನೀರನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕಿತ್ತು.

ಆದರೆ ಮೇವಿನಲ್ಲಿ ಸೇರಿದ ಲೋಹ ಹಸುವಿನ ಮೈಗೆ, ಅಲ್ಲಿಂದ ಹಾಲಿಗೂ ಇಳಿಯಬಲ್ಲದು. ಕಾಯಿಸಿದರೂ ಹೋಗದು. ಬೇಸಿಗೆಯಲ್ಲಿ ಸೀಮೆಹುಲ್ಲು ಕೊಳ್ಳುವಾಗ ಕಟ್ಟಿನ ಬೆಲೆ ಕೇಳುವ ಮೊದಲು ಅದು ಯಾವ ನೀರಲ್ಲಿ ಬೆಳೆದದ್ದು ಎಂದು ಕೇಳಿ. ಬಣ್ಣ ನೋಡಿ ತೀರ್ಮಾನಿಸಬೇಡಿ. ಕೊಳಚೆಯ ಸಾರಕ್ಕೆ ಹುಲ್ಲು ಇನ್ನಷ್ಟು ಕಡುಹಸಿರಾಗಿಯೇ ಬರುತ್ತದೆ.