ವಾಗ್ಮಿತೆಯ ಅಂಗಗಳು

ಭಾಷಣಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಾಗಲೆಲ್ಲ ನನ್ನನ್ನು ಒಂದು ಶಂಕೆ ಕಾಡುತ್ತದೆ. ಬಾಲಕರು ಉಪಮೆ ರೂಪಕಗಳನ್ನು ಕಂಠಪಾಠ ಮಾಡಿ ನಿರರ್ಗಳವಾಗಿ ನುಡಿಯುತ್ತಾರೆ. ಸಭೆ ಕರತಾಡನ ಮಾಡುತ್ತದೆ. ಆದರೆ ಆಡಿದ ಮಾತು ಯಾರ ಮನಸ್ಸಿನಲ್ಲಿಯೂ ನೆಲೆ ನಿಲ್ಲುವುದಿಲ್ಲ. ಇದಕ್ಕೆ ಕಾರಣವೇನು?

ಕೇಳುವವರನ್ನು ಒಪ್ಪಿಸುವ ಸಾಧನಗಳು ಮೂರೆಂದು ಗ್ರೀಸ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ನಿರೂಪಿಸಿದನು. 'ಈಥಾಸ್' ಎಂದರೆ ಮಾತಿನಲ್ಲಿ ವ್ಯಕ್ತವಾಗುವ ವಕ್ತೃವಿನ ಶೀಲ. 'ಪೇಥಾಸ್' ಎಂದರೆ ಶ್ರೋತೃಗಳಲ್ಲಿ ಉದ್ಬೋಧಗೊಳ್ಳುವ ಭಾವ. 'ಲೋಗಾಸ್' ಎಂದರೆ ಯುಕ್ತಿ. ಈ ಯುಕ್ತಿಯನ್ನೇ ನಮ್ಮ ನೈಯಾಯಿಕರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳಾಗಿ ಬಿಡಿಸಿದ್ದಾರೆ. ಸಾಧಿಸಬೇಕಾದುದನ್ನು ಮೊದಲು ಸಾರಿ, ಕಾರಣವಿತ್ತು, ದೃಷ್ಟಾಂತ ತೋರಿ, ಅದನ್ನು ಪ್ರಕೃತಕ್ಕೆ ಅನ್ವಯಿಸಿ, ಕಡೆಗೆ ನಿರ್ಣಯಕ್ಕೆ ಬರುವುದೇ ಆ ಕ್ರಮ. ಇವೆಲ್ಲವೂ ದೇಶಕಾಲಪಾತ್ರಗಳಿಗೆ ಒಪ್ಪುವಂತಿರುವುದು ಔಚಿತ್ಯ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಇದೇ ಜೀವಿತವೆಂದನು. ಗದ್ಯಕ್ಕೂ ಈ ಮಾತು ಸಲ್ಲುತ್ತದೆ.

ಇವುಗಳ ಸಮನ್ವಯಕ್ಕೆ ಒಂದು ನಿದರ್ಶನವನ್ನು ನೋಡೋಣ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧೀಜಿಯವರು ರಾಜದ್ರೋಹದ ಆರೋಪವನ್ನು ಒಪ್ಪಿಕೊಂಡು, ತಾವೇ ಬರೆದು ತಂದಿದ್ದ ಹೇಳಿಕೆಯನ್ನು ಓದಿದರು. ಬೋಯರ್ ಯುದ್ಧದಲ್ಲಿಯೂ 1906ರ ಝುಲು ದಂಗೆಯಲ್ಲಿಯೂ ಗಾಯಾಳುಗಳ ಶುಶ್ರೂಷೆಗಾಗಿ ದಳಕಟ್ಟಿ ಸಾಮ್ರಾಜ್ಯಕ್ಕೆ ಸೇವೆ ಸಲ್ಲಿಸಿದುದನ್ನು ಮೊದಲು ನೆನೆದರು, ಇದು ಶೀಲ. ಹಳ್ಳಿಗಳಲ್ಲಿ ಅರೆಹೊಟ್ಟೆಯಲ್ಲಿ ಕ್ಷೀಣಿಸುತ್ತಿರುವ ಜನರನ್ನು ಕಣ್ಣಮುಂದೆ ನಿಲ್ಲಿಸಿದರು, ಇದು ಭಾವ. ಈ ಕಾನೂನು ಕೆಟ್ಟದ್ದೆಂದು ತೋರಿದರೆ ನ್ಯಾಯಾಧೀಶರು ಪದತ್ಯಾಗ ಮಾಡಬೇಕು, ಒಳ್ಳೆಯದೆಂದು ತೋರಿದರೆ ಕಠಿಣತಮ ಶಿಕ್ಷೆಯನ್ನು ವಿಧಿಸಬೇಕು ಎಂದರು. ಇದು ಯುಕ್ತಿ, ಎರಡು ಕಡೆಯೂ ಕುಣಿಕೆಯುಳ್ಳ ಹಗ್ಗದಂತಹ ಉಭಯತಃಪಾಶ. ನ್ಯಾಯಾಧೀಶ ಬ್ರೂಮ್‌ಫೀಲ್ಡರು ಆರು ವರ್ಷಗಳ ಸಜೆಯನ್ನು ವಿಧಿಸಿದರಾದರೂ, ಮುಂದೆ ಸರಕಾರವು ಅದನ್ನು ತಗ್ಗಿಸಿದರೆ ತಮಗಿಂತ ಹೆಚ್ಚು ಸಂತೋಷಪಡುವವರಿಲ್ಲವೆಂದು ನುಡಿದರು.

ಇಲ್ಲಿ ಶಬ್ದಾಡಂಬರವಿಲ್ಲ. ಆಡಿದ ಮಾತಿನ ಫಲವನ್ನು ತಾನೇ ಉಣ್ಣಲು ಸಿದ್ಧನಾದ ವಕ್ತೃವಿನ ಶೀಲವೇ ಭಾವಕ್ಕೂ ಯುಕ್ತಿಗೂ ಬಲವನ್ನಿತ್ತಿತು. ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಬರೆದುಕೊಟ್ಟ ಭಾಷಣವನ್ನು ಮಕ್ಕಳಿಂದ ಉರು ಹೊಡೆಸಬೇಡಿರಿ. "ಮಗು, ಈ ಮಾತನ್ನು ನೀನು ನಂಬಿರುವೆಯಾ? ಏಕೆ?" ಎಂದು ಮೊದಲು ಕೇಳಿರಿ. ಉತ್ತರ ತೊದಲಿ ಬಂದರೂ ಚಿಂತೆಯಿಲ್ಲ. ನಿಜವಾದ ವಾಗ್ಮಿತೆ ಅಲ್ಲಿಂದಲೇ ಮೊದಲಾಗುತ್ತದೆ.