ಪಾರಂಪರಿಕ ಕಟ್ಟಡಗಳ ವಿನ್ಯಾಸ ಬೋಧನೆಯಲ್ಲಿ ವರ್ಧಿತ ವಾಸ್ತವ: ಗ್ರಾಮ ಪಂಚಾಯಿತಿಗಳ ಪಾತ್ರ



ಮೈಸೂರಿನ ಜಯಲಕ್ಷ್ಮಿಪುರಂ ಸಮೀಪದ ಮಾನಸಗಂಗೋತ್ರಿಯಲ್ಲಿ 1905ರಲ್ಲಿ ನಿರ್ಮಾಣಗೊಂಡ ಜಯಲಕ್ಷ್ಮೀವಿಲಾಸ ಅರಮನೆ, ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ ಮುಂತಾದವುಗಳಿಗೆ ಶಾಲಾ ಮಕ್ಕಳು ಪ್ರವಾಸ ಹೋಗುವುದು ವಾಡಿಕೆ. ಕಂಬ, ಕೆತ್ತನೆಗಳನ್ನು ಕಂಡು ಮರಳುವ ಅವರಿಗೆ, ಕಟ್ಟಡದ ಹಿಂದಿನ ಲೆಕ್ಕಾಚಾರ ಮಾತ್ರ ಕಾಣದೆ ಉಳಿಯುತ್ತದೆ. ಅದನ್ನು ಕಾಣಿಸಲು ‘ವರ್ಧಿತ ವಾಸ್ತವ’ ತಂತ್ರಜ್ಞಾನವು ನೆರವಾಗುತ್ತದೆ.

ಕಾರ್ಯವಿಧಾನ: ಮೊಬೈಲ್ ಅಥವಾ ಟ್ಯಾಬ್‌ನ ಕ್ಯಾಮೆರಾ ಎದುರಿನ ಮೇಜನ್ನೋ ನೆಲವನ್ನೋ ಗುರುತಿಸುತ್ತದೆ. ಸಾಧನದೊಳಗಿನ ಸಂವೇದಕಗಳು ಅದರ ಚಲನೆಯನ್ನು ಅಳೆಯುತ್ತವೆ. ಇವೆರಡರ ಆಧಾರದಿಂದ ಕಟ್ಟಡದ ತ್ರಿಆಯಾಮ ಮಾದರಿಯು ಅಲ್ಲಿಯೇ ನಿಂತಂತೆ ಪರದೆಯಲ್ಲಿ ತೋರುತ್ತದೆ. ವಿದ್ಯಾರ್ಥಿಯು ಸುತ್ತ ನಡೆದಂತೆ ಮಾದರಿಯ ಬೇರೆ ಬೇರೆ ಮುಖಗಳು ಕಾಣುತ್ತವೆ.

ಉದಾಹರಣೆ: ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ದಂಡನಾಯಕ ಸೋಮನಾಥನು ಕಟ್ಟಿಸಿದ ಕೇಶವ ದೇವಾಲಯದ ಗರ್ಭಗುಡಿಗಳ ಹೊರವಿನ್ಯಾಸವು 16 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದರ ಕೇಂದ್ರದ ಮೇಲೆ 22.5 ಡಿಗ್ರಿಯಂತೆ ಮೂರು ಬಾರಿ ತಿರುಗಿಸಿದರೆ ನಾಲ್ಕು ಚೌಕಗಳ 16 ಮೂಲೆಗಳು ದೊರೆಯುತ್ತವೆ. ಕಪ್ಪುಹಲಗೆಯ ಮೇಲೆ ಕಠಿಣವೆನಿಸುವ ಈ ರೇಖಾಗಣಿತವು ಮೇಜಿನ ಮೇಲೆ ತಿರುಗುವ ಚೌಕಗಳಲ್ಲಿ ಕ್ಷಣದಲ್ಲಿ ಅರ್ಥವಾಗುತ್ತದೆ. ಈ ದೇವಾಲಯವು ಬೇಲೂರು, ಹಳೇಬೀಡುಗಳೊಡನೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ನಮ್ಮ ಹೊಣೆ: ಸಂರಕ್ಷಿತ ಸ್ಮಾರಕಗಳಿಗೆ ಕಾನೂನಿನ ರಕ್ಷಣೆಯಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವಾದರೆ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಆದರೆ ನಮ್ಮೂರಿನ ಮಂಟಪ, ಕಲ್ಯಾಣಿ, ಚಾವಡಿ, ತೊಟ್ಟಿಮನೆಗಳಲ್ಲಿ ಬಹುಪಾಲಿಗೆ ಇಂತಹ ರಕ್ಷಣೆಯಿಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವವು ಒಳಗೇ ಉಳಿದು ಗೋಡೆ ಶಿಥಿಲವಾಗುತ್ತದೆ. ಕೆಡವಿದ ಮೇಲೆ ಅಳತೆಯೂ ದೊರೆಯುವುದಿಲ್ಲ. ಆದ್ದರಿಂದ ದುರಸ್ತಿಗೆ ಮುನ್ನವೇ ದಾಖಲೀಕರಣ ಅಗತ್ಯ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ಗ್ರಾಮದ ಹಳೆಯ ಕಟ್ಟಡಗಳ ಪಟ್ಟಿಯನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸುವುದು.
2. ಮಾಲೀಕರ ಅಥವಾ ಸಂಬಂಧಿಸಿದ ಇಲಾಖೆಯ ಅನುಮತಿ ಪಡೆದು, ಒಂದರ ಅಂಚು ಮತ್ತೊಂದರಲ್ಲಿ ಬರುವಂತೆ ಎಲ್ಲ ದಿಕ್ಕುಗಳಿಂದ ಛಾಯಾಚಿತ್ರ ತೆಗೆಸುವುದು. ಇವುಗಳಿಂದ ತಂತ್ರಾಂಶವು ತ್ರಿಆಯಾಮ ಮಾದರಿ ರೂಪಿಸುತ್ತದೆ.
3. ಛಾಯಾಚಿತ್ರವೊಂದರಿಂದಲೇ ನಿಜವಾದ ಗಾತ್ರ ತಿಳಿಯದು. ಮಕ್ಕಳಿಂದ ಟೇಪ್ ಹಿಡಿಸಿ ಬಾಗಿಲು, ಕಂಬಗಳ ಅಳತೆ ಬರೆಸುವುದು.
4. ಮಾದರಿಗಳನ್ನು ಮುಂಚಿತವಾಗಿ ಡೌನ್‌ಲೋಡ್ ಮಾಡಿ, ಗ್ರಂಥಾಲಯದಲ್ಲಿ ಗಣಿತ ಹಾಗೂ ಸಮಾಜ ವಿಜ್ಞಾನ ಶಿಕ್ಷಕರ ಸಮ್ಮುಖದಲ್ಲಿ ತೋರಿಸುವುದು.
5. ಪರದೆ ನೋಡುತ್ತಾ ಜಗತಿ, ಮೆಟ್ಟಿಲು, ಕಲ್ಯಾಣಿಗಳ ಅಂಚಿನಲ್ಲಿ ಮಕ್ಕಳು ನಡೆಯದಂತೆ ಎಚ್ಚರ ವಹಿಸುವುದು.

ಪರದೆಯ ಮಾದರಿಯು ಕಟ್ಟಡಕ್ಕೆ ಬದಲಿಯಲ್ಲ. ತನ್ನೂರಿನ ಮಂಟಪವನ್ನು ತಾನೇ ಅಳೆದ ವಿದ್ಯಾರ್ಥಿಯು, ಮುಂದೆ ಅದನ್ನು ಕೆಡವುವ ಪ್ರಸ್ತಾವ ಬಂದಾಗ ಕಾರಣ ಕೇಳುವ ನಾಗರಿಕನಾಗುತ್ತಾನೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಕನಿಷ್ಠ ಒಂದು ಕಟ್ಟಡವನ್ನಾದರೂ ಇದಕ್ಕಾಗಿ ಆಯ್ಕೆ ಮಾಡಬೇಕೆಂದು ಕೋರಲಾಗಿದೆ.